ಕುತ್ತಿಗೆಯಲ್ಲಿ ಕೂತ ಸೂಪರ್‌ವೈಸರ್

ಆ ಷರ್ಟು ಕಂಪನಿಯ ಹೊಲಿಗೆ ಹಾಲಿನಲ್ಲಿ ಫ್ಯಾನುಗಳಿರಲಿಲ್ಲ ಅಂತ ಯಾರೂ ಹೇಳುವಂತಿಲ್ಲ. ಸಾಲುಸಾಲಾಗಿ ಇದ್ದವು. ಆದರೆ ಗಾಳಿ ಎದ್ದರೆ ನೂಲಿನ ಧೂಳು ಏಳುತ್ತದೆ, ಧೂಳು ಬಿಳಿ ಷರ್ಟಿನ ಮೇಲೆ ಕೂರುತ್ತದೆ ಎಂದು ಅವುಗಳನ್ನು ಹಾಕುತ್ತಿರಲಿಲ್ಲ. ತಿರುಗುತ್ತಿದ್ದದ್ದು ಒಂದೇ ಫ್ಯಾನು, ಸೂಪರ್‌ವೈಸರನ ಮೇಜಿನ ಮೇಲಿನದು. ಆ ಮೇಜಿನ ಬಳಿ ಷರ್ಟುಗಳಿರಲಿಲ್ಲ, ಸೂಪರ್‌ವೈಸರ್ ಮಾತ್ರ ಇದ್ದ. ಅವನ ಮೇಲೆ ಧೂಳು ಕೂತರೆ ಯಾರಿಗೂ ಅಭ್ಯಂತರವಿರಲಿಲ್ಲ.

ತಗಡಿನ ಸೂರು. ಕೂರಲು ಬೆನ್ನಿಲ್ಲದ ಸ್ಟೂಲು. ಪಾಯಖಾನೆಗೆ ಹೋಗಲು ಇಡೀ ಲೈನಿಗೆ, ಅಂದರೆ ಒಂದು ಸಾಲು ಮೆಷಿನ್ನಿನವರಿಗೆಲ್ಲ, ಒಂದೇ ಮರದ ಬಿಲ್ಲೆ. ಅದು ಗೋಡೆಯ ಮೊಳೆಯಲ್ಲಿ ತೂಗುತ್ತಿದ್ದರೆ ಕೈಗೆತ್ತಿಕೊಂಡು ಹೋಗಬಹುದು. ಇಲ್ಲವೆಂದರೆ ಬೇರೆ ಯಾರೋ ಹೋಗಿದ್ದಾರೆ, ತಡೆದುಕೊಳ್ಳಬೇಕು. ಬಿಲ್ಲೆ ಇಲ್ಲದೆ ಯಾರೂ ಜಾಗ ಬಿಟ್ಟೇಳುವಂತಿಲ್ಲ ಎಂಬುದು ಅಲ್ಲಿನ ಕಾನೂನು. ಬರೆದದ್ದಲ್ಲ, ಕೂಗಿದ್ದು.

ಕೂಗುತ್ತಿದ್ದವನು ಸೂಪರ್‌ವೈಸರ್. ಅವನ ಬಾಯಲ್ಲಿ ಬರುತ್ತಿದ್ದದ್ದು "ಬೇಗ, ಬೇಗ" ಎಂಬುದೊಂದೇ. ಹಾಗಾಗಿ ಹೆಂಗಸರೆಲ್ಲ ಅವನಿಗೆ ಬೇಗಬೇಗ ಎಂದೇ ಹೆಸರಿಟ್ಟಿದ್ದರು. ಎದುರಿಗೆ ಮಾತ್ರ ಸಾರ್.

ಆ ಲೈನಿನಲ್ಲಿ ತೋಳು ಕೂಡಿಸುವವಳೊಬ್ಬಳಿದ್ದಳು. ಅವಳನ್ನು ಎಲ್ಲರೂ ನಿಧಾನಿ ಎನ್ನುತ್ತಿದ್ದರು. ಮನೆಯಲ್ಲಿ ಅತ್ತೆ ಕರೆದ ಹೆಸರು ಅದು, ಹೇಗೋ ಇಲ್ಲಿಗೂ ನಡೆದುಕೊಂಡು ಬಂದಿತ್ತು, ನಿಧಾನವಾಗಿ. ತೋಳು ಕೂಡಿಸುವುದು ಹುಡುಗಾಟದ ಕೆಲಸವಲ್ಲ. ತೋಳಿನ ತುದಿ ಒಂದು ಕಡೆ ಬಾಗುತ್ತದೆ, ಷರ್ಟಿನ ಕಂಕುಳು ಇನ್ನೊಂದು ಕಡೆ. ಒಂದಕ್ಕೊಂದು ಮುಖ ತಿರುಗಿಸಿಕೊಂಡು ಕೂತ ಅವೆರಡನ್ನು ನೆರಿಗೆ ಬೀಳದಂತೆ ರಾಜಿ ಮಾಡಿಸಬೇಕು. ನಿಧಾನಿ ಬಟ್ಟೆಯನ್ನು ಪುಸಲಾಯಿಸಿ, ಮಗುವಿಗೆ ಅಂಗಿ ತೊಡಿಸಿದ ಹಾಗೆ ಹೊಲಿಯುತ್ತಿದ್ದಳು.

ಅವಳ ಹಿಂದಿನ ಮೆಷಿನ್ನಿನಲ್ಲಿ ಕಾಲರ್ ಅಕ್ಕ. ವಯಸ್ಸಾದವಳು, ಕತ್ತರಿಯಂಥ ನಾಲಿಗೆ. ಮುಂದೆ ಮಣಿಕಟ್ಟಿನ ಕಫ್ ಕೂಡಿಸುವವರು, ಅವರಾಚೆ ಗುಂಡಿ ಹಾಕುವ ಹುಡುಗಿ. ಇಡೀ ಲೈನು ತೋಳಿಗಾಗಿ ಕಾಯಬೇಕು. ನಿಧಾನಿಯ ಮುಂದೆ ಷರ್ಟು ಗುಡ್ಡೆಯಾದರೆ ಕಾಲರ್ ಅಕ್ಕ ಕುತ್ತಿಗೆ ತಿರುಗಿಸಿಕೊಳ್ಳಬಹುದು. ಮುಂದಿನವರು ತೋಳು ಬರುವವರೆಗೆ ಬೆರಳಿನ ನೆಟಿಗೆ ಮುರಿಯಬಹುದು. ಗುಂಡಿಯ ಹುಡುಗಿ ತನ್ನ ಪ್ರೇಮದ ಕತೆಯ ಹೊಸ ಕಂತು ಹೇಳಬಹುದು. ಆ ಲೈನು ಉಸಿರಾಡುತ್ತಿದ್ದದ್ದು ನಿಧಾನಿಯ ನಿಧಾನದಲ್ಲಿ. ಇದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಉಸಿರಾಟದ ಬಗ್ಗೆ ಯಾರು ಮಾತಾಡುತ್ತಾರೆ? ಅದು ನಿಂತಾಗ ತಾನೇ ಗೊತ್ತಾಗುವುದು.

ನಿಂತದ್ದು ನಿಧಾನಿ ಬಸುರಿಯಾದ ಮೇಲೆ.

ಮೊದಲು ಅವಳಿಗೆ ಹಸಿವು ಹತ್ತಿತು. ಎಂಥ ಹಸಿವು! ಪಾತ್ರೆ ತಳ ಕಾಣುವವರೆಗೆ ಉಣ್ಣುತ್ತಿದ್ದಳು, ಎದ್ದು ಕೈ ತೊಳೆಯುವಷ್ಟರಲ್ಲಿ ಮತ್ತೆ ಹಸಿವು. ಅಷ್ಟೆಲ್ಲ ಉಂಡರೂ ಮೈ ಇಳಿಯುತ್ತಿತ್ತು. ಬಳೆ ಮೊಣಕೈವರೆಗೆ ಜಾರುತ್ತಿತ್ತು. ಎಲ್ಲರೂ ಹೊದ್ದು ಕೂತಿದ್ದಾಗ ಇವಳಿಗೆ ಸೆಕೆ. ಕೂತಲ್ಲಿ ಕೂರಲಾಗದು. ಎದೆ ಡಬಡಬ.

"ಗಂಡು ಮಗು ಕಣೇ," ಎಂದಳು ಅತ್ತೆ. ಒಂದೇ ಕೋಣೆಯ ಆ ಮನೆಯಲ್ಲಿ ಅವಳು ಅಂಗಡಿಗಳಿಗೆ ಕಾಗದದ ಚೀಲ ಅಂಟಿಸುತ್ತಿದ್ದಳು. ಸುತ್ತ ಚೀಲ, ನಡುವೆ ಅತ್ತೆ. "ಒಳಗೇ ಓಡಾಡ್ತಿದಾನೆ, ನಿನ್ನನ್ನೂ ಓಡಿಸ್ತಿದಾನೆ. ನನ್ನ ಮಗ ಹೊಟ್ಟೇಲಿದ್ದಾಗ ನಾನು ಹೀಗೇ ಇದ್ದೆ."

"ಹೀಗೇ ಸಣ್ಣಗಾಗಿದ್ರಾ ಅತ್ತೆ?"

"ಇಲ್ಲ. ನಾನು ದಪ್ಪ ಆಗಿದ್ದೆ. ಅದೊಂದು ಬಿಟ್ಟು ಉಳಿದಿದ್ದೆಲ್ಲ ಹೀಗೇ."

ಗಂಡ ಗೋಡೆಗಳಿಗೆ ಬಣ್ಣ ಬಳಿಯುವವನು. ಅವನು ಹೆಂಡತಿಯ ಬೆನ್ನಿಗೆ ಕಿವಿಯಿಟ್ಟು ಕೇಳಿದ. "ಅಮ್ಮಾ, ಇವಳ ಎದೆ ನೋಡು, ರೈಲು ಹೋದ ಹಾಗೆ ಹೋಗ್ತಿದೆ."

"ರೈಲಾದ್ರೂ ನಿಲ್ದಾಣದಲ್ಲಿ ನಿಲ್ಲುತ್ತೆ," ಎಂದಳು ನಿಧಾನಿ.

ಎಲ್ಲರೂ ನಕ್ಕರು. ಬಸುರಿಗೆ ಏನೇ ಆದರೂ ಅದು ಬಸುರಿನಿಂದಲೇ ಎಂದು ನಂಬುವುದು ಸುಲಭ. ಡಾಕ್ಟರ ಹತ್ತಿರ ಹೋದರೆ ರಜೆ ಹಾಕಬೇಕು, ರಜೆ ಹಾಕಿದರೆ ಬೇಗಬೇಗನಿಗೆ ಬಸುರು ಗೊತ್ತಾಗಬೇಕು. ಅದಕ್ಕಿಂತ ಗಂಡು ಮಗು ಎಂದುಕೊಳ್ಳುವುದೇ ವಾಸಿ.

ಹೊಲಿಗೆ ಹಾಲಿನಲ್ಲಿ ಮಾತ್ರ ಪವಾಡವೇ ನಡೆದುಹೋಯಿತು. ಒಂದು ದಿನ ಕಾಲರ್ ಅಕ್ಕ ಕುತ್ತಿಗೆ ತಿರುಗಿಸಲು ಹೋದಳು. ಅರ್ಧ ತಿರುಗಿಸಿದಳು, ಅಷ್ಟರಲ್ಲಿ ಮುಂದಿನಿಂದ ಕೈ ಚಾಚಿತು. "ಅಕ್ಕಾ, ಕಾಲರ್ ಕೊಡಿ." ನಿಧಾನಿಯ ಮುಂದೆ ಗುಡ್ಡೆಯಿರಲಿಲ್ಲ. ಅವಳ ಕಾಲು ಪೆಡಲಿನ ಮೇಲೆ ಕುಣಿಯುತ್ತಿತ್ತು. ಬೆರಳು ಸಣ್ಣಗೆ ನಡುಗುತ್ತಿತ್ತು, ಆ ನಡುಕ ಕಾಣದಿರಲೆಂದು ಅಂಗೈಯನ್ನೇ ಬಟ್ಟೆಯ ಮೇಲೆ ಒತ್ತಿ ದೂಡುತ್ತಿದ್ದಳು. ತೋಳುಗಳು ಷರ್ಟಿಗೆ ಹಾರಿ ಹಾರಿ ಅಂಟಿಕೊಳ್ಳುತ್ತಿದ್ದವು.

"ಏನೇ, ಮೈಮೇಲೆ ಯಾವುದಾದ್ರೂ ಬಂದಿದೆಯೇನೇ?" ಎಂದಳು ಕಾಲರ್ ಅಕ್ಕ.

"ಗೊತ್ತಿಲ್ಲ ಅಕ್ಕಾ. ನಿಲ್ಸೋಣ ಅಂದ್ರೆ ನಿಲ್ತಿಲ್ಲ."

ಬೇಗಬೇಗ ತನ್ನ ಫ್ಯಾನು ಬಿಟ್ಟು ಎದ್ದು ಬಂದ. ಅವನು ಫ್ಯಾನು ಬಿಟ್ಟು ಬರುವುದೇ ಅಪರೂಪ. ನಿಧಾನಿಯ ಪಕ್ಕ ನಿಂತು, ಒಳ್ಳೆಯ ಅಡುಗೆಯ ವಾಸನೆ ಹಿಡಿದವನಂತೆ ಮೂಗರಳಿಸಿದ. "ನೋಡಿ, ನೋಡಿ! ಇಷ್ಟು ದಿನ ಇವಳು ನಮಗೆ ಮೋಸ ಮಾಡ್ತಿದ್ಲು. ಕೈಯಲ್ಲಿ ಮಿಂಚು ಇಟ್ಕೊಂಡು ಬಸವನಹುಳು ಥರ ನಟನೆ!"

ಮರುದಿನ ಅವನ ಜೊತೆ ಗಡಿಯಾರದ ಸಾಹೇಬ ಬಂದ. ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಳೆಯುವುದು ಅವನ ಉದ್ಯೋಗ. ಬೋಳುತಲೆ, ಕೊರಳಲ್ಲಿ ದಾರ ಕಟ್ಟಿದ ಸ್ಟಾಪ್‌ವಾಚು. ಹೆಚ್ಚು ಮಾತಿಲ್ಲ. ನಿಧಾನಿಯ ಬೆನ್ನ ಹಿಂದೆ ನಿಂತು ಟಿಕ್ ಎನಿಸಿದ, ನೋಡಿದ, ಮತ್ತೆ ಟಿಕ್ ಎನಿಸಿದ. ನಿಧಾನಿಯ ಹಣೆಯಿಂದ ಬೆವರು ಇಳಿದು ಮೂಗಿನ ತುದಿಯಲ್ಲಿ ತೂಗಿತು. ಬಟ್ಟೆಯ ಮೇಲೆ ಬೀಳದಿರಲೆಂದು ಅವಳು ನಾಲಿಗೆ ಚಾಚಿ ಹಿಡಿದಳು. ಸಾಹೇಬ ಅದನ್ನೂ ನೋಡಿದ. ಅದಕ್ಕೆ ಅವನ ಕಾಗದದಲ್ಲಿ ಕಾಲಂ ಇರಲಿಲ್ಲ.

ಬೋರ್ಡಿನ ಮೇಲಿದ್ದ ಹಳೆಯ ಟಾರ್ಗೆಟ್ಟನ್ನು ಒರೆಸಿದರು. ಹೊಸದನ್ನು ಬರೆದರು. ತೋಳು ಇಷ್ಟು ಬರುತ್ತದೆಂದರೆ ಷರ್ಟು ಅಷ್ಟು ಬರಲೇಬೇಕಲ್ಲ. ಅಂಕಿ ದಪ್ಪಗಿತ್ತು. ನಿಧಾನಿ ತೆಳ್ಳಗಿದ್ದಳು.

ಅವಳಿಗೆ ಬಹುಮಾನವೂ ಬಂತು. ಮ್ಯಾನೇಜರ್ ತನ್ನ ಗಾಜಿನ ಕೋಣೆಯಿಂದ ಇಳಿದು ಬಂದು, ಕೈ ಕುಲುಕಿ, ಒಂದು ಗೋಡೆ ಗಡಿಯಾರ ಕೊಟ್ಟ. ಕೈ ಕುಲುಕುವಾಗ ಅವಳ ಕೈ ಬಿಸಿಯಾಗಿ, ಒದ್ದೆಯಾಗಿ, ನಡುಗುತ್ತಿತ್ತು. "ಸಂತೋಷಕ್ಕೆ ನಡುಗ್ತಿದಾರೆ," ಎಂದ ಬೇಗಬೇಗ. ಮ್ಯಾನೇಜರ್ ಕರವಸ್ತ್ರದಲ್ಲಿ ಕೈ ಒರೆಸಿಕೊಂಡ.

ಮನೆಯಲ್ಲಿ ಗಡಿಯಾರವನ್ನು ಮೊಳೆಗೆ ಹಾಕಿದರು. ಅದು ದೊಡ್ಡದಾಗಿ ಟಿಕ್ ಟಿಕ್ ಎನ್ನುತ್ತಿತ್ತು. ಗಂಡ ಒಂದು ಕಿವಿ ಹೆಂಡತಿಯ ಬೆನ್ನಿಗೂ ಇನ್ನೊಂದು ಗೋಡೆಯ ಕಡೆಗೂ ಇಟ್ಟು ಸ್ವಲ್ಪ ಹೊತ್ತು ಕೇಳಿದ.

"ಗಡಿಯಾರ ಸೋತುಹೋಯ್ತು," ಎಂದ. ಈ ಸಲ ಯಾರೂ ನಗಲಿಲ್ಲ.

ಲೈನಿನಲ್ಲಂತೂ ನಗು ನಿಂತು ಬಹಳ ದಿನವಾಗಿತ್ತು. ಗುಂಡಿಯ ಹುಡುಗಿಯ ಪ್ರೇಮಕತೆ, ಅವನು ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದಾನೆ ಎಂಬಲ್ಲಿಗೆ ಬಂದು ನಿಂತುಬಿಟ್ಟಿತ್ತು. ಪಾಪ, ಅವನು ಇನ್ನೂ ಅಲ್ಲೇ ನಿಂತಿದ್ದ. ಮುಂದೆ ಹೇಳಲು ಯಾರಿಗೂ ಪುರುಸೊತ್ತಿಲ್ಲ. ಬಿಲ್ಲೆ ಮೊಳೆಯಲ್ಲಿ ಸುಮ್ಮನೆ ತೂಗುತ್ತಿತ್ತು. ಟಾರ್ಗೆಟ್ ಮುಟ್ಟದಿದ್ದರೆ ಗಂಟೆ ಹೊಡೆದ ಮೇಲೂ ಕೂರಬೇಕು, ಹಾಗೆ ಕೂತಿದ್ದಕ್ಕೆ ಕೂಲಿಯಿಲ್ಲ. ಕಾಲರ್ ಅಕ್ಕ ನಿಧಾನಿಯೊಂದಿಗೆ ಮಾತು ಬಿಟ್ಟಳು. ಬಿಟ್ಟಳು ಅಂದರೆ, ಅವಳಿಗೆ ಕೇಳಿಸುವಂತೆ ಬೇರೆಯವರ ಹತ್ತಿರ ಮಾತಾಡಲು ಶುರುಮಾಡಿದಳು.

"ಮಹಾರಾಣಿಯವರ ಗಡಿಯಾರ ಚೆನ್ನಾಗಿ ನಡೀತಿದೆಯಂತೇನ್ರೇ?"

"ಅಕ್ಕಾ..." ಎಂದಳು ನಿಧಾನಿ.

"ಯಾರೋ ಕರೆದ ಹಾಗಾಯ್ತು. ಮೆಷಿನ್ ಸದ್ದಿರಬೇಕು."

ನಿಧಾನಿಗೆ ಕಣ್ಣೀರು ಬಂತು. ಈಚೀಚೆಗೆ ಅವಳಿಗೆ ಎಲ್ಲದಕ್ಕೂ ಬೇಗನೆ ಕಣ್ಣೀರು ಬರುತ್ತಿತ್ತು, ಬೇಗನೆ ಸಿಟ್ಟು ಬರುತ್ತಿತ್ತು. ನಿಧಾನವಾಗಿ ಬರುವುದು ಅಂತ ಅವಳಲ್ಲಿ ಏನೂ ಉಳಿದಿರಲಿಲ್ಲ. ಕಣ್ಣು ಮಂಜಾದ ಆ ಕ್ಷಣದಲ್ಲೇ ಸೂಜಿ ತೋಳಿನ ಜೊತೆ ಅವಳ ತೋರುಬೆರಳನ್ನೂ ಹೊಲಿದುಬಿಟ್ಟಿತು.

ಅವಳನ್ನು ಮೂಲೆಯ ಪ್ರಥಮ ಚಿಕಿತ್ಸೆ ಕೋಣೆಗೆ ಕರೆದೊಯ್ದರು. ಅಲ್ಲಿ ಒಬ್ಬ ನರ್ಸಮ್ಮ. ಅವಳು ಗುತ್ತಿಗೆ ಕೆಲಸದವಳು, ಅವಳ ಹತ್ತಿರವಿದ್ದದ್ದು ಕೆಂಪು ಔಷಧಿ, ಪಟ್ಟಿ ಮತ್ತು ಸಿಡುಕು. ಬೆರಳಿಗೆ ಪಟ್ಟಿ ಸುತ್ತಿ, ಅಭ್ಯಾಸಬಲದಿಂದ ಮಣಿಕಟ್ಟು ಹಿಡಿದಳು. ಸಿಡುಕು ನಿಂತಿತು.

"ಓಡಿ ಬಂದ್ಯಾ?"

"ಇಲ್ಲ. ಕೂತಿದ್ದೆ."

"ಹೆದರಿಕೊಂಡ್ಯಾ?"

"ದಿನಾ ಹೀಗೇ ನರ್ಸಮ್ಮ."

ನರ್ಸಮ್ಮ ಅವಳ ಗಲ್ಲ ಎತ್ತಿ ಕುತ್ತಿಗೆ ನೋಡಿದಳು. ನುಂಗು ಎಂದಳು. ನುಂಗಿದಾಗ ಗಂಟಲ ಬುಡದಲ್ಲಿ ಒಂದು ಊತ ಮೇಲೆ ಹೋಗಿ ಕೆಳಗಿಳಿಯಿತು. "ಬಸುರಿ ಅಲ್ವಾ ನೀನು? ಸುಳ್ಳು ಹೇಳಬೇಡ. ನಾಳೆ ಸರ್ಕಾರಿ ಆಸ್ಪತ್ರೆಗೆ ಹೋಗ್ತೀಯ. ಹೋಗಲಿಲ್ಲ ಅಂದ್ರೆ ಬೆರಳಿಗೆ ಹಾಕಿರೋ ಈ ಪಟ್ಟೀನ ನಿನ್ನ ಬೇಗಬೇಗನ ಬಾಯಿಗೆ ಹಾಕ್ತೀನಿ."

ಆಸ್ಪತ್ರೆಯ ಉದ್ದ ಬೆಂಚಿನ ಮೇಲೆ ಅತ್ತೆ ಸೊಸೆ ಇಬ್ಬರೂ ಕಾದರು. ರಕ್ತ ಕೊಟ್ಟು ಬಂದರು, ಮತ್ತೆ ಹೋಗಿ ಕಾದರು. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳೇ, ಆದರೆ ಕಣ್ಣಿನ ಕೆಳಗೆ ಕಪ್ಪು. ರಕ್ತದ ಫಲಿತಾಂಶ ನೋಡಿ ನಿಧಾನಿಯ ಗಂಟಲ ಬುಡಕ್ಕೆ ಬೆರಳಿಟ್ಟಳು.

"ಇಲ್ಲಿ ಒಂದು ಗ್ರಂಥಿ ಇದೆ. ಥೈರಾಯ್ಡ್ ಅಂತ. ಚಿಟ್ಟೆ ಆಕಾರ. ಮೈಯೆಲ್ಲ ಎಷ್ಟು ವೇಗವಾಗಿ ಕೆಲಸ ಮಾಡಬೇಕು ಅಂತ ಹೇಳೋದು ಅದೇ. ನಿಮ್ಮದು ಅತಿಯಾಗಿ ಕೆಲಸ ಮಾಡ್ತಿದೆ. ಎದೆಗೆ ಓಡು ಅನ್ನುತ್ತೆ, ಕೈಗೆ ಓಡು ಅನ್ನುತ್ತೆ. ಉಂಡಿದ್ದೆಲ್ಲ ಸುಟ್ಟುಹೋಗುತ್ತೆ. ಅದಕ್ಕೇ ಇಳಿದುಹೋಗಿದೀರ."

ಅತ್ತೆ ಮುಂದಕ್ಕೆ ಬಾಗಿದಳು. "ಅಂದ್ರೆ ಡಾಕ್ಟರಮ್ಮ, ಇವಳ ಕುತ್ತಿಗೇಲೂ ಒಬ್ಬ ಸೂಪರ್‌ವೈಸರ್ ಕೂತಿದಾನೆ ಅನ್ನಿ."

ಡಾಕ್ಟರಮ್ಮ ಅಂದು ಮೊದಲ ಸಲ ನಕ್ಕಿರಬೇಕು, ಕೆನ್ನೆಗೆ ಅಭ್ಯಾಸ ತಪ್ಪಿದಂತಿತ್ತು. "ಹೌದಮ್ಮ. ಈ ಮಾತ್ರೆ ಅವನ ಬಾಯಿ ಮುಚ್ಚಿಸುತ್ತೆ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ. ತಕ್ಷಣ ಆಗಲ್ಲ, ಕೆಲವು ವಾರ ಬೇಕು. ಆಗಾಗ ರಕ್ತ ನೋಡ್ತಾ ಇರ್ತೀವಿ, ಮಾತ್ರೆ ಬದಲಾಯಿಸಬೇಕಾದ್ರೆ ನಾವೇ ಬದಲಾಯಿಸ್ತೀವಿ. ನೀವಾಗಿ ಬಿಡಬೇಡಿ."

"ಬಿಟ್ರೆ?" ಎಂದಳು ನಿಧಾನಿ.

ಡಾಕ್ಟರಮ್ಮನ ನಗು ಹೋಯಿತು. "ದಿನ ತುಂಬೋ ಮೊದಲೇ ಹೆರಿಗೆ ಆಗಬಹುದು. ಮಗು ತೀರಾ ಸಣ್ಣದಾಗಬಹುದು. ಕೈ ತಪ್ಪಿಹೋಗಲೂಬಹುದು. ನಿಮ್ಮ ಎದೆಗೂ ಅಪಾಯ. ಅರ್ಥ ಆಯ್ತಾ?"

ಆಮೇಲೆ ಮಲಗಿಸಿ ಹೊಟ್ಟೆಯ ಮೇಲೆ ಏನೋ ಒತ್ತಿದಳು. ಕೋಣೆಯ ತುಂಬ ಸದ್ದು, ಸಣ್ಣ ಕುದುರೆಯೊಂದು ಒದ್ದೆ ಮಣ್ಣಿನಲ್ಲಿ ಓಡಿದ ಹಾಗೆ.

"ಅಯ್ಯೋ! ಇದಕ್ಕೂ ಬಂದುಬಿಟ್ಟಿದೆ," ಎಂದು ನಿಧಾನಿ ಎದ್ದು ಕೂತಳು.

"ಮಲಗಿ, ಮಲಗಿ. ಮಗುವಿನ ಎದೆ ಹಾಗೇ ಓಡಬೇಕು. ಇದು ಸರಿಯಾಗಿದೆ. ಇದಕ್ಕಿಂತ ಜಾಸ್ತಿ ಓಡದ ಹಾಗೆ ನೋಡ್ಕೊಳ್ಳೋಣ."

ಮನೆಗೆ ಹೋಗುವ ದಾರಿಯಲ್ಲಿ ಅತ್ತೆ ಸೊಸೆಯ ಕೈ ಹಿಡಿದೇ ನಡೆದಳು. ಕೊನೆಗೆ ಎಂದಳು, "ಗಂಡು ಮಗು ಅಂದಿದ್ನಲ್ಲ, ಅದನ್ನ ವಾಪಸ್ ತಗೊಂಡೆ. ಯಾವುದಾದ್ರೂ ಆಗಲಿ. ನಿಧಾನವಾಗಿ ಆಗಲಿ."

ಮಾತ್ರೆ ತನ್ನ ಕೆಲಸ ಶುರುಮಾಡಿತು. ಎದೆ ನಡಿಗೆಗೆ ಇಳಿಯಿತು. ನಿದ್ದೆ ಬಂತು. ಹೊಟ್ಟೆ ಮುಂದೆ ಬಂತು. ಕೈ ನಡುಕ ಕಡಿಮೆಯಾಗಿ ಬಟ್ಟೆಯನ್ನು ಪುಸಲಾಯಿಸುವ ಅಭ್ಯಾಸ ಹಿಂದಿರುಗಿತು. ಅದರ ಹಿಂದೆಯೇ ಬೇಗಬೇಗನೂ ಬಂದ.

"ಏನಮ್ಮಾ ಮಿಂಚು, ಚಾರ್ಜ್ ಇಳಿದುಹೋಯ್ತಾ?"

ಮುಚ್ಚಿಡಲು ಹೊಟ್ಟೆ ಬಿಡುತ್ತಿರಲಿಲ್ಲ. ನಿಧಾನಿ ಇದ್ದದ್ದು ಇದ್ದ ಹಾಗೆ ಹೇಳಿದಳು. ಬಸುರು, ಗ್ರಂಥಿ, ಮಾತ್ರೆ. ಬೇಗಬೇಗ ಬಹಳ ಗಮನವಿಟ್ಟು ಕೇಳಿದ. ಅವನು ಯಾರ ಮಾತನ್ನೂ ಅಷ್ಟು ಗಮನವಿಟ್ಟು ಕೇಳಿದ್ದನ್ನು ಅವಳು ಕಂಡಿರಲಿಲ್ಲ.

"ಅಂದ್ರೆ, ಮಾತ್ರೆ ತಗೊಂಡ್ರೆ ನಿಧಾನ. ಬಿಟ್ರೆ ಸ್ಪೀಡು?"

"ಬಿಡಬಾರದಂತೆ ಸಾರ್."

"ಛೇ, ಛೇ. ನಾನೇನು ಬಿಡು ಅಂತೀನಾ? ಹಾಗೆ ಹೇಳೋಕೆ ನಾನ್ಯಾರು? ನನಗೂ ಹೆಂಡ್ತಿ ಮಕ್ಕಳಿದಾರೆ." ಅವನು ಸ್ಟೂಲೊಂದನ್ನು ಎಳೆದುಕೊಂಡು ಕೂತ, ಅಣ್ಣನ ಹಾಗೆ ದನಿ ತಗ್ಗಿಸಿದ. "ಆದ್ರೆ ನೋಡು. ತೋಳಿನ ಟೈಮು ನಿನ್ನ ಕೈಯಿಂದಲೇ ಅಳೆದಿದ್ದು. ಅಷ್ಟು ಆಗಲ್ಲ ಅಂದ್ರೆ ನಿನ್ನನ್ನ ಈ ಮೆಷಿನ್ನಲ್ಲಿ ಹೇಗೆ ಇಟ್ಕೊಳ್ಳಲಿ? ಹಿಂದಿನ ಶೆಡ್ಡಲ್ಲಿ ದಾರ ಕತ್ತರಿಸೋರು ಬೇಕಾಗಿದಾರೆ. ಹಗುರ ಕೆಲಸ. ಅಲ್ಲಿ ದಿನಗೂಲಿ ಅಷ್ಟೇ. ಹೆರಿಗೆ ರಜೆ ಗಿಜೆ ಇರಲ್ಲ. ಯೋಚ್ನೆ ಮಾಡು. ನೀನು ಬುದ್ಧಿವಂತೆ."

ಹೆರಿಗೆಗೆ ಸಂಬಳದ ರಜೆ. ಅದೊಂದಕ್ಕಾಗಿಯೇ ಅವಳು ಇಷ್ಟು ವರ್ಷ ಈ ಬೆನ್ನಿಲ್ಲದ ಸ್ಟೂಲಿನ ಮೇಲೆ ಬೆನ್ನು ಸವೆಸಿದ್ದು. ಶೆಡ್ಡಿಗೆ ಹೋದರೆ ಅದು ಹೋಯಿತು. ಹೆತ್ತ ಮೈ ಆರುವ ಮೊದಲೇ ಕತ್ತರಿ ಹಿಡಿಯಬೇಕು.

ಬೆಳಗಿನ ಮಾತ್ರೆಗೆ ಅತ್ತೆ ಕಾವಲು. ರಾತ್ರಿಯದಕ್ಕೆ ಗಂಡ. ಮಧ್ಯಾಹ್ನದ್ದಕ್ಕೆ ಯಾರೂ ಇರಲಿಲ್ಲ. ನಿಧಾನಿ ಬುತ್ತಿಯ ಜೊತೆ ತಂದ ಮಾತ್ರೆಯನ್ನು ದಾರ ಸುತ್ತುವ ಬಾಬಿನ್‌ಗಳ ಡಬ್ಬಿಯಲ್ಲಿ ಹಾಕಿ ಮುಚ್ಚಿದಳು. ಒಂದೇ ತಾನೇ, ಎಂದುಕೊಂಡಳು. ರಜೆ ಸಿಗುವವರೆಗೆ ತಾನೇ. ಡಬ್ಬಿಯಲ್ಲಿ ಮಾತ್ರೆ ಹೆಚ್ಚುತ್ತಾ ಹೋಯಿತು. ಕುತ್ತಿಗೆಯೊಳಗಿನವನು ಬಾಯಿ ತೆರೆದ. ಎದೆ ಮತ್ತೆ ರೈಲಾಯಿತು. ಬೇಗಬೇಗ ದೂರದಿಂದಲೇ ಹೆಬ್ಬೆರಳೆತ್ತಿ ತೋರಿಸಿದ.

ಒಂದು ಮಧ್ಯಾಹ್ನ ಒಳಗೆ ಏನೋ ಮಿಡುಕಿದ ಹಾಗಾಯಿತು. ಮೊದಲ ಸಲ. ಅದು ಮೆಷಿನ್ನಿನ ನಡುಕವೋ, ತನ್ನ ಕೈಯದೋ, ಮಗುವಿನದೋ ನಿಧಾನಿಗೆ ಗೊತ್ತಾಗಲಿಲ್ಲ. ಮೆಷಿನ್ ನಿಲ್ಲಿಸಿ ನೋಡಬೇಕು ಅನ್ನಿಸಿತು. ನಿಲ್ಲಿಸಲಿಲ್ಲ. ಮಗು ಹೇಳಿದ ಮೊದಲ ಮಾತು ಟಾರ್ಗೆಟ್ಟಿನಡಿ ಸಿಕ್ಕಿ ಹೋಯಿತು.

ಮರುದಿನ ಊಟದ ಹೊತ್ತಿಗೆ ಹೆಂಗಸರೆಲ್ಲ ಹಿಂಬದಿಯ ಗೋಡೆಯ ನೆರಳಿನಲ್ಲಿ ಕೂತಿದ್ದರು. ಗುಂಡಿಯ ಹುಡುಗಿ ಬಾಬಿನ್ ಬೇಕೆಂದು ನಿಧಾನಿಯ ಡಬ್ಬಿಯನ್ನು ಕೇಳದೆಯೇ ತಂದು ತೆರೆದಳು. ಮಾತ್ರೆಯೊಂದನ್ನು ಎತ್ತಿ ಬಿಸಿಲಿಗೆ ಹಿಡಿದಳು.

"ಅಕ್ಕಾ, ಇದೇನು, ಹೊಸ ನಮೂನೆ ಗುಂಡಿನಾ? ತೂತೇ ಇಲ್ಲ."

ಕಾಲರ್ ಅಕ್ಕ ನೋಡಿದಳು. ಡಬ್ಬಿಯನ್ನೂ ನೋಡಿದಳು, ನಿಧಾನಿಯನ್ನೂ ನೋಡಿದಳು. ಮಾತು ಬಿಟ್ಟಿದ್ದು ಮರೆತುಹೋಯಿತು. "ಏನೇ ಇದು? ಬಸುರಿ ಹೆಂಗಸು, ಮಾತ್ರೆ ಬಚ್ಚಿಡ್ತಿದೀಯಾ?"

ನಿಧಾನಿ ಅತ್ತಳು. ಅಳುತ್ತಲೇ ಎಲ್ಲ ಹೇಳಿದಳು, ಡಾಕ್ಟರಮ್ಮ ಹೇಳಿದ್ದು, ಅತ್ತೆ ಹೇಳಿದ್ದು, ಬೇಗಬೇಗ ಹೇಳದೆ ಹೇಳಿದ್ದು. ಅವಳು ಅಳುವುದೂ ಆಗ ಎಷ್ಟು ವೇಗವಾಗಿತ್ತೆಂದರೆ ಕಾಲರ್ ಅಕ್ಕ ಎರಡು ಸಲ ಹೇಳಿಸಬೇಕಾಯಿತು.

ಕಫ್‌ನವಳ ಕೈಯ ತುತ್ತು ಕೈಯಲ್ಲೇ ಇತ್ತು.

"ಇರು, ಇರು," ಎಂದಳು ಕಾಲರ್ ಅಕ್ಕ. "ಆ ಬೋಳ ಬಂದು ಗಡಿಯಾರ ಹಿಡಿದನಲ್ಲ, ಆಗ ನಿನಗೆ ಈ ಕಾಯಿಲೆ ಇತ್ತಾ?"

"ಇತ್ತು ಅಕ್ಕಾ. ಗೊತ್ತಿರಲಿಲ್ಲ."

"ಅಂದ್ರೆ ಅವನು ಅಳೆದಿದ್ದು ನಿನ್ನನ್ನಲ್ಲ. ನಿನ್ನ ಕಾಯಿಲೇನ."

"ಅಂದ್ರೆ ನಾವು ಇಷ್ಟು ದಿನ ಸಾಯ್ತಾ ಇದ್ದಿದ್ದು..." ಎಂದಳು ಕಫ್‌ನವಳು.

"ಕಾಯಿಲೆಯ ಟಾರ್ಗೆಟ್ಟಿಗೆ!" ಎಂದಳು ಗುಂಡಿಯ ಹುಡುಗಿ.

ಮೊದಲು ನಕ್ಕವಳು ಯಾರೋ ಗೊತ್ತಿಲ್ಲ. ಬಹಳ ದಿನದಿಂದ ತಡೆದುಕೊಂಡ ನಗು. ಒಬ್ಬಳಿಂದ ಒಬ್ಬಳಿಗೆ ಹಾರಿ, ಗೋಡೆ ಹತ್ತಿತು. ಆಚೆ ಶೆಡ್ಡಿನಲ್ಲಿ ದಾರ ಕತ್ತರಿಸುತ್ತಿದ್ದವರೂ ಇಣುಕಿದರು. ಕಾಲರ್ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತ ನಗುತ್ತ ಅವಳ ಮುಖ ಬದಲಾಯಿತು.

"ನುಂಗು ಮೊದಲು," ಎಂದು ನೀರಿನ ಬಾಟಲಿ ಚಾಚಿದಳು. "ಇವತ್ತಿನದ್ದು ನುಂಗು. ನಾನು ನೋಡಬೇಕು. ಬಾಯಿ ತೆಗಿ. ನಾಲಿಗೆ ಎತ್ತು. ಹಾಂ."

"ಶೆಡ್ಡಿಗೆ ಹಾಕ್ತಾನೆ ಅಕ್ಕಾ."

"ಯಾರನ್ನ ಹಾಕ್ತಾನೆ? ಎಲ್ಲರನ್ನೂ ಹಾಕಲಿ. ಷರ್ಟು ಅವನೇ ಹೊಲೀಲಿ." ಕಾಲರ್ ಅಕ್ಕ ಎದ್ದು ಸೀರೆಯ ಮಣ್ಣು ಕೊಡವಿದಳು. ಅವಳ ಕಣ್ಣಿನಲ್ಲಿ ತುಂಟತನ ಹೊಳೆಯಿತು. "ಬನ್ರೇ. ನನಗೂ ಯಾಕೋ ಈ ಕಾಯಿಲೆ ಬೇಕು ಅನ್ನಿಸ್ತಿದೆ."

ಗಂಟೆ ಹೊಡೆಯಿತು. ಹೆಂಗಸರು ಹಾಲಿಗೆ ಬಂದರು. ಆದರೆ ಯಾರೂ ಮೆಷಿನ್ನಿನ ಮುಂದೆ ಕೂರಲಿಲ್ಲ. ಕಾಲರ್ ಅಕ್ಕ ಮೊಳೆಯಿಂದ ಮರದ ಬಿಲ್ಲೆ ತೆಗೆದು, ಮೆರವಣಿಗೆಯ ಮುಂದಿನವರು ಬಾವುಟ ಹಿಡಿದ ಹಾಗೆ ಎತ್ತಿ ಹಿಡಿದು ಪ್ರಥಮ ಚಿಕಿತ್ಸೆ ಕೋಣೆಯ ಕಡೆ ನಡೆದಳು. ಹಿಂದೆ ಇಡೀ ಲೈನು.

ಬೇಗಬೇಗ ಫ್ಯಾನು ಬಿಟ್ಟು ಓಡಿ ಬಂದ. "ಏಯ್, ಏಯ್! ಎಲ್ಲಿಗೆ? ಬಿಲ್ಲೆ ಇಲ್ಲದೆ ಯಾರೂ ಏಳೋ ಹಾಗಿಲ್ಲ!"

"ಇದೆಯಲ್ಲ ಸಾರ್," ಎಂದು ಕಾಲರ್ ಅಕ್ಕ ಬಿಲ್ಲೆ ತೋರಿಸಿದಳು.

"ಒಬ್ಬರಿಗೆ ಕಣಮ್ಮಾ ಅದು!"

"ಹಾಗಂತ ಅದರ ಮೇಲೆ ಬರೆದಿಲ್ಲ ಸಾರ್."

ಕೋಣೆಯ ಬಾಗಿಲಲ್ಲಿ ಅವರು ಸಾಲಾಗಿ ನಿಂತರು. ಸಾಲು ಮೆಷಿನ್ನುಗಳ ನಡುವೆ ಹಾವಿನಂತೆ ಸುತ್ತಿಕೊಂಡಿತು. ಗಂಟೆ ಹೊಡೆದರೂ ಮೆಷಿನ್ನುಗಳ ಸದ್ದು ಏಳದಿದ್ದಾಗ ಗಾಜಿನ ಕೋಣೆಯಲ್ಲಿದ್ದ ಮ್ಯಾನೇಜರಿಗೆ ಎಚ್ಚರವಾಯಿತು. ಅವನು ಇಳಿದು ಬಂದ. ಹಿಂದೆ ಗಡಿಯಾರದ ಸಾಹೇಬ.

"ಏನಿದು? ಏನು ಬೇಕು ನಿಮಗೆ?"

"ಥೈರಾಯ್ಡ್ ಬೇಕು ಸಾರ್," ಎಂದಳು ಕಾಲರ್ ಅಕ್ಕ.

"ಏನು?"

"ಇವಳಿಗಿದೆಯಲ್ಲ ಸಾರ್, ಆ ಕಾಯಿಲೆ. ಕೂತಲ್ಲೇ ಎದೆ ಓಡುತ್ತೆ, ಕೈ ಓಡುತ್ತೆ. ನೀವು ಬೋರ್ಡಲ್ಲಿ ಬರೆಸಿದೀರಲ್ಲ, ಅಷ್ಟು ಷರ್ಟು ಹೊಲೀಬೇಕು ಅಂದ್ರೆ ನಮಗೂ ಅದೇ ಕಾಯಿಲೆ ಬೇಕು. ಕಂಪನಿ ವತಿಯಿಂದ ಎಲ್ಲರಿಗೂ ಹಂಚಿಬಿಡಿ."

"ನನಗೆ ಸ್ವಲ್ಪ ಜಾಸ್ತಿ ಸಾರ್," ಎಂದಳು ಗುಂಡಿಯ ಹುಡುಗಿ. "ಗುಂಡಿ ಬಹಳ ಇರುತ್ತೆ."

"ಹುಚ್ಚು ಹಿಡಿದಿದೆಯಾ? ಕಾಯಿಲೆ ಎಲ್ಲಾದ್ರೂ ಹಂಚೋಕಾಗುತ್ತಾ?"

"ಟಾರ್ಗೆಟ್ ಹಂಚಿದ್ರಲ್ಲ ಸಾರ್."

ಮ್ಯಾನೇಜರ್ ಬೇಗಬೇಗನ ಕಡೆ ನೋಡಿದ. ಬೇಗಬೇಗ ಗಡಿಯಾರದ ಸಾಹೇಬನ ಕಡೆ ನೋಡಿದ. ಸಾಹೇಬ ನಿಧಾನಿಯ ಕಡೆ ನೋಡಿದ. ಅವಳ ಮೂಗಿನ ತುದಿಯಲ್ಲಿ ಬೆವರ ಹನಿಯೊಂದು ತೂಗುತ್ತಿತ್ತು.

"ಅವತ್ತೂ ಹೀಗೇ ಬೆವರ್ತಿದ್ರು," ಎಂದ ಸಾಹೇಬ ಮೆಲ್ಲಗೆ. ಅವನು ಅಲ್ಲಿ ಮಾತಾಡಿದ್ದನ್ನು ಹೆಂಗಸರು ಕೇಳಿದ್ದು ಅದೇ ಮೊದಲು.

"ಸರಿ, ಸರಿ, ನೋಡೋಣ. ಈಗ ಹೋಗಿ ಕೂತ್ಕೊಳ್ಳಿ," ಎಂದ ಮ್ಯಾನೇಜರ್.

"ಕೂತ್ಕೋತೀವಿ ಸಾರ್. ಮೊದಲು ನಾಡಿ ನೋಡ್ಲಿ. ನಮ್ಮೆಲ್ಲರದ್ದೂ. ಆಮೇಲೆ ಯಾರ ನಾಡಿ ಸರಿಯಾಗಿದೆಯೋ ಅವರ ಕೈ ಅಳೀಲಿ. ಅಲ್ಲೀವರೆಗೂ ಬೋರ್ಡ್ ಖಾಲಿ ಇರಲಿ. ಇವಳು ಎಲ್ಲಿ ಕೂತಿದ್ಲೋ ಅಲ್ಲೇ ಕೂರ್ತಾಳೆ. ರಜೆಗೆ ಹೋಗೋ ತನಕ."

ನರ್ಸಮ್ಮ ಬಾಗಿಲಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತು ಇಷ್ಟನ್ನೂ ಕೇಳುತ್ತಿದ್ದಳು. ನಿಧಾನಿಯ ಕೈ ಹಿಡಿದು ನೋಡಿದಳು. ಮುಖ ಬಿಗಿಯಾಯಿತು. "ಮಾತ್ರೆ ಬಿಟ್ಟಿದೀಯ ಅಲ್ವಾ? ಇವತ್ತೇ ಆಸ್ಪತ್ರೆಗೆ ಹೋಗ್ತಿದೀಯ. ನಾನೇ ಕರ್ಕೊಂಡು ಹೋಗ್ತೀನಿ, ಈ ಸಾಲು ಮುಗಿದ ಕೂಡಲೇ." ಆಮೇಲೆ ತನ್ನ ಕೈಗಡಿಯಾರ ನೋಡಿ, ಅಲ್ಲಾಡಿಸಿ, ಕಿವಿಗಿಟ್ಟುಕೊಂಡಳು. ನಿಂತುಹೋಗಿತ್ತು. "ಸಾಹೇಬ್ರೇ, ಕೊರಳಲ್ಲಿರೋದನ್ನ ಸ್ವಲ್ಪ ಕೊಡಿ."

ಗಡಿಯಾರದ ಸಾಹೇಬ ಮ್ಯಾನೇಜರನ ಮುಖ ನೋಡಲಿಲ್ಲ. ದಾರವನ್ನು ಬೋಳುತಲೆಯ ಮೇಲಿಂದ ಎತ್ತಿ ಕೊಟ್ಟುಬಿಟ್ಟ.

ಟಿಕ್. ಕಾಲರ್ ಅಕ್ಕನ ಮಣಿಕಟ್ಟು. ನರ್ಸಮ್ಮ ಗಡಿಯಾರ ನೋಡುತ್ತ ಎಣಿಸಿದಳು. ಟಿಕ್. ಮುಂದಿನವಳು.

"ಬೇಗ, ಬೇಗ," ಎಂದ ಬೇಗಬೇಗ, ಅಭ್ಯಾಸಬಲದಿಂದ.

"ನಾಡಿ ನೋಡೋದನ್ನ ಬೇಗ ಮಾಡೋಕಾಗಲ್ಲ ಸಾರ್. ಅದು ಎಷ್ಟು ಹೊತ್ತು ಕೇಳುತ್ತೋ ಅಷ್ಟು ಹೊತ್ತು ಕೊಡಬೇಕು." ನರ್ಸಮ್ಮ ಪಕ್ಕದಲ್ಲಿ ನಿಂತಿದ್ದ ಅವನ ಮಣಿಕಟ್ಟನ್ನೇ ಹಿಡಿದುಬಿಟ್ಟಳು. ಟಿಕ್. ಸಾಲು ಉಸಿರು ಬಿಗಿಹಿಡಿಯಿತು. "ಸಾರ್, ನಿಮ್ಮದೂ ಓಡ್ತಿದೆಯಲ್ಲ."

"ನಿಮ್ಮ ಕುತ್ತಿಗೇಲಿ ಯಾರು ಕೂತಿದಾರೆ ಸಾರ್?" ಎಂದಳು ನಿಧಾನಿ.

ಅವಳು ಗೇಲಿಗೆ ಕೇಳಿರಲಿಲ್ಲ. ನಿಜವಾಗಿಯೂ ತಿಳಿಯಬೇಕಿತ್ತು. ಬೇಗಬೇಗನ ಕಣ್ಣು ಅವನನ್ನು ಕೇಳದೆಯೇ ಮೇಲಿನ ಗಾಜಿನ ಕೋಣೆಯ ಕಡೆ ಹೋಗಿ ಬಂತು.

ಸಾಲು ಉದ್ದವಿತ್ತು. ಯಾರಿಗೂ ಅವಸರವಿರಲಿಲ್ಲ. ಯಾರೋ ಒಬ್ಬಳು ಹೋಗಿ ಸಾಲಿನುದ್ದಕ್ಕೂ ಫ್ಯಾನುಗಳನ್ನು ಹಾಕಿ ಬಂದಳು. ನೂಲಿನ ಧೂಳು ಎದ್ದು ಬಿಳಿ ಷರ್ಟುಗಳ ಮೇಲೂ ಮ್ಯಾನೇಜರನ ಕೋಟಿನ ಮೇಲೂ ಭೇದವಿಲ್ಲದೆ ಕೂತಿತು. ಗುಂಡಿಯ ಹುಡುಗಿ ಬಸ್ ನಿಲ್ದಾಣದಲ್ಲಿ ನಿಂತಿದ್ದವನನ್ನು ಕೊನೆಗೂ ಬಸ್ ಹತ್ತಿಸಿದಳು.

ನಿಧಾನಿ ತನ್ನ ಸ್ಟೂಲಿನ ಮೇಲೆ ಕೂತಳು. ಮೆಷಿನ್ನು ತಣ್ಣಗಿತ್ತು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕಾದಳು. ಒಳಗಿನದು ಮತ್ತೆ ಮಿಡುಕಿತು. ಈ ಸಲ ಮೆಷಿನ್ನಿನದಲ್ಲ ಎಂದು ಗೊತ್ತಾಯಿತು. ಒಂದು ಪುಟ್ಟ ಕುದುರೆ, ಒದ್ದೆ ಮಣ್ಣು. ಓಡು ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ. ತನ್ನ ಪಾಡಿಗೆ ಓಡುತ್ತಿತ್ತು.